ಯಾಕೊವ್ ಫ್ರೆಂಕೆಲ್

ಯಾಕೊವ್ ಇಲ್ಯಿಚ್ ಫ್ರೆಂಕೆಲ್ (ಫೆಬ್ರವರಿ 10, 1894 – ಜನವರಿ 23, 1952) ಸೋವಿಯತ್ ಒಕ್ಕೂಟದ ಹೆಸರಾಂತ ಸೈದ್ಧಾಂತಿಕ ಭೌತವಿಜ್ಞಾನಿ. ಘನವಸ್ತುಗಳ ಮತ್ತು ದ್ರವಗಳ ಒಳರಚನೆಯ ಬಗೆಗಿನ ಆಧುನಿಕ ತಿಳಿವಳಿಕೆಗೆ ತಳಹದಿ ಹಾಕಿದವರಲ್ಲಿ ಇವರೊಬ್ಬರು. ಬೆಳಕನ್ನು ಹೀರಿಕೊಂಡ ಸ್ಫಟಿಕದೊಳಗೆ ವಿದ್ಯುದಾವೇಶವನ್ನು ಒಯ್ಯದೆ ಶಕ್ತಿಯನ್ನು ಮಾತ್ರ ಹೊತ್ತು ಸಾಗುವ ‘ಎಕ್ಸಿಟಾನ್’ ಎಂಬ ಕಣಸದೃಶ ಸ್ಥಿತಿಯನ್ನು 1931ರಲ್ಲಿ ಮೊದಲು ಪ್ರತಿಪಾದಿಸಿದವರು ಇವರು. ಫ್ರೆಂಕೆಲ್ ದೋಷ, ಫ್ರೆಂಕೆಲ್ ಎಕ್ಸಿಟಾನ್, ಪೂಲ್–ಫ್ರೆಂಕೆಲ್ ಪರಿಣಾಮ, ಫ್ರೆಂಕೆಲ್–ಕೊಂತೊರೊವಾ ಮಾದರಿ ಮೊದಲಾದವು ಇವರ ಹೆಸರಿನಲ್ಲಿವೆ. ಲೆನಿನ್‌ಗ್ರಾಡಿನ ಭೌತ-ತಾಂತ್ರಿಕ ಸಂಸ್ಥೆಯ ಸೈದ್ಧಾಂತಿಕ ವಿಭಾಗವನ್ನು ದೀರ್ಘಕಾಲ ಮುನ್ನಡೆಸಿದ ಇವರು, ಭೌತವಿಜ್ಞಾನದ ಮೇಲೆ ರಾಜಕೀಯ ತತ್ತ್ವದ ಯಜಮಾನಿಕೆಯನ್ನು ಒಪ್ಪದೆ ಅದರ ಬೆಲೆಯನ್ನೂ ತೆತ್ತರು. ಇಂದು ಒಂದೇ ಪದರದ ಅರೆವಾಹಕಗಳಲ್ಲಿ ನಡೆಯುತ್ತಿರುವ ಸಂಶೋಧನೆಯ ಕೇಂದ್ರದಲ್ಲಿ ಇವರು ಹೆಸರಿಸಿದ ಎಕ್ಸಿಟಾನ್ ಇದೆ.

ಜನನ ಮತ್ತು ಬಾಲ್ಯ

ಫ್ರೆಂಕೆಲ್ ರಷ್ಯಾ ಸಾಮ್ರಾಜ್ಯದ ದಕ್ಷಿಣ ಭಾಗದಲ್ಲಿ, ಡಾನ್ ನದಿಯ ದಡದ ರೊಸ್ತೋವ್ ನಗರದಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಇಲ್ಯಾ ಫ್ರೆಂಕೆಲ್ ತಾರುಣ್ಯದಲ್ಲಿ ಝಾರ್ ಆಡಳಿತದ ವಿರುದ್ಧದ ಕ್ರಾಂತಿಕಾರಿ ಚಟುವಟಿಕೆಗಳಲ್ಲಿ ತೊಡಗಿ ಕೆಲಕಾಲ ಸೈಬೀರಿಯಾಕ್ಕೆ ಗಡೀಪಾರಾಗಿದ್ದವರು. 1905ರ ಸುಮಾರಿಗೆ ಯೆಹೂದಿಗಳ ಮೇಲಿನ ಹಿಂಸಾಚಾರದ ಭೀತಿ ಹೆಚ್ಚಿದಾಗ ಕುಟುಂಬವು ಸ್ವಿಟ್ಜರ್ಲೆಂಡಿನಲ್ಲಿ ಸ್ವಲ್ಪಕಾಲ ನೆಲೆಸಿತು. ಬಾಲಕ ಯಾಕೊವ್‌ಗೆ ಹೊರದೇಶದ ಬದುಕಿನ ಪರಿಚಯವಾದದ್ದು ಅಲ್ಲಿ. ಮುಂದೆ ಅವರು ಜರ್ಮನ್, ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು ಬಲ್ಲವರಾಗಿ, ತಮ್ಮ ಲೇಖನಗಳನ್ನು ರಷ್ಯನ್ ಭಾಷೆಯಲ್ಲಷ್ಟೇ ಅಲ್ಲದೆ ಜರ್ಮನ್ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಪ್ರಕಟಿಸಿದರು.

ಎಳೆಯ ವಯಸ್ಸಿನಲ್ಲಿ ಅವರ ಒಲವು ಸಂಗೀತ ಮತ್ತು ಚಿತ್ರಕಲೆಗಳ ಕಡೆಗಿತ್ತು. ಪಿಟೀಲು ನುಡಿಸುವುದನ್ನೂ ಭಾವಚಿತ್ರಗಳನ್ನು ಬರೆಯುವುದನ್ನೂ ಅವರು ಮುಂದೆಯೂ ಬಿಡಲಿಲ್ಲ. ಗಣಿತ ಮತ್ತು ಭೌತವಿಜ್ಞಾನಗಳ ಆಸಕ್ತಿ ಮೊಳೆತದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಕಾರ್ಲ್ ಮೇ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ. ಶಾಲಾ ದಿನಗಳಲ್ಲಿ ಅವರು ಗಣಿತದ ಹೊಸ ಶಾಖೆಯೊಂದನ್ನು ಕಂಡುಕೊಂಡೆನೆಂದು ನಂಬಿ ಅದನ್ನು ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದರು. ಅದು ಆಗಲೇ ತಿಳಿದಿದ್ದ ಪರಿಮಿತ ವ್ಯತ್ಯಾಸಗಳ ಕಲನಶಾಸ್ತ್ರವೆಂದು ಗೊತ್ತಾಯಿತು. ಯಾರ ನೆರವೂ ಇಲ್ಲದೆ ಶಾಲಾ ಬಾಲಕನೊಬ್ಬ ಅದನ್ನು ತಾನಾಗಿ ಕಟ್ಟಿಕೊಂಡದ್ದು ಸಣ್ಣ ಸಾಧನೆಯಲ್ಲ.

1912ರಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ, ಭೂಮಿಯ ಕಾಂತಕ್ಷೇತ್ರ ಮತ್ತು ವಾಯುಮಂಡಲದ ವಿದ್ಯುತ್ತಿನ ಬಗ್ಗೆ ಅವರು ಪ್ರಬಂಧವೊಂದನ್ನು ಸಿದ್ಧಪಡಿಸಿದರು. ಅದು ಭೌತವಿಜ್ಞಾನಿ ಅಬ್ರಾಮ್ ಯೊಫೆ ಅವರ ಗಮನ ಸೆಳೆಯಿತು. ಮುಂದೆ ಸೋವಿಯತ್ ಭೌತವಿಜ್ಞಾನದ ಕುಲಪಿತಾಮಹರೆನಿಸಿದ ಯೊಫೆಯವರೊಂದಿಗಿನ ಈ ಪರಿಚಯ ಫ್ರೆಂಕೆಲ್ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ವಿಶ್ವವಿದ್ಯಾಲಯ ಶಿಕ್ಷಣ

ಆ ಕಾಲದ ರಷ್ಯಾದಲ್ಲಿ ವಿಶ್ವವಿದ್ಯಾಲಯಗಳಿಗೆ ಸೇರುವ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಸರ್ಕಾರ ಮಿತಿ ಹಾಕಿತ್ತು. ಪ್ರವೇಶ ದೊರೆಯುವ ಖಾತರಿಯಿಲ್ಲದ್ದರಿಂದ ಫ್ರೆಂಕೆಲ್ ಅಮೆರಿಕಕ್ಕೆ ವಲಸೆ ಹೋಗುವ ಆಲೋಚನೆ ಮಾಡಿದರು. ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ 1913ರ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿಯೂ ಬಂದರು. ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆತುದರಿಂದ ವಲಸೆಯ ಯೋಚನೆ ಅಲ್ಲಿಗೇ ನಿಂತಿತು. ಪದವಿ ಶಿಕ್ಷಣವನ್ನು ಮೂರೇ ವರ್ಷಗಳಲ್ಲಿ ಮುಗಿಸಿ, ಪ್ರಾಧ್ಯಾಪಕ ಹುದ್ದೆಯ ಸಿದ್ಧತೆಗಾಗಿ ಅಲ್ಲಿಯೇ ಉಳಿದರು. ಅವರ ಮೊದಲ ವೈಜ್ಞಾನಿಕ ಲೇಖನ 1917ರಲ್ಲಿ ಪ್ರಕಟವಾಯಿತು. ಲೋಹಗಳ ಮೇಲ್ಮೈಯಲ್ಲಿ ಉಂಟಾಗುವ ವಿದ್ಯುತ್ ಪದರ ಅದರ ವಿಷಯ. ಅದೇ ವರ್ಷ ನಡೆದ ಅಕ್ಟೋಬರ್ ಕ್ರಾಂತಿಯ ಗೊಂದಲದಲ್ಲಿ ಅವರ ಸ್ನಾತಕೋತ್ತರ ಮೌಖಿಕ ಪರೀಕ್ಷೆ ಮುಂದಕ್ಕೆ ಹೋಯಿತು.

ಕ್ರಿಮಿಯಾದ ವರ್ಷಗಳು

ತಾಯಿಯ ಆರೋಗ್ಯ ಕೆಟ್ಟುದರಿಂದ ಕುಟುಂಬವು ಕ್ರಿಮಿಯಾಕ್ಕೆ ಸ್ಥಳಾಂತರಗೊಂಡಿತು. ಸಿಂಫೆರೊಪೋಲ್ ನಗರದಲ್ಲಿ 1918ರಲ್ಲಿ ಆರಂಭವಾದ ವಿಶ್ವವಿದ್ಯಾಲಯದಲ್ಲಿ ಫ್ರೆಂಕೆಲ್ ಬೋಧಕರಾದರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಇಗೋರ್ ತಾಮ್ ಅಲ್ಲಿ ಅವರ ಸಹೋದ್ಯೋಗಿಯಾಗಿದ್ದರು.

ಅಂತರ್ಯುದ್ಧದ ಆ ದಿನಗಳಲ್ಲಿ ಕ್ರಿಮಿಯಾ ಹಲವು ಬಾರಿ ಕೈ ಬದಲಾಯಿಸಿತು. ಅಲ್ಪಕಾಲ ಬಾಳಿದ ಸೋವಿಯತ್ ಆಡಳಿತದಲ್ಲಿ ಫ್ರೆಂಕೆಲ್ ಶಿಕ್ಷಣ ಇಲಾಖೆಯ ಕೆಲಸವನ್ನೂ ಮಾಡಿದ್ದರು. 1919ರಲ್ಲಿ ಶ್ವೇತ ಸೇನೆ ಪ್ರದೇಶವನ್ನು ವಶಪಡಿಸಿಕೊಂಡಾಗ ಇದೇ ಕಾರಣಕ್ಕೆ ಅವರು ಬಂಧನಕ್ಕೊಳಗಾಗಿ ಸುಮಾರು ಎರಡು ತಿಂಗಳು ಸೆರೆಮನೆಯಲ್ಲಿದ್ದರು. 1920ರಲ್ಲಿ ಸಾರಾ ಗೋರ್ದಿನಾ ಅವರನ್ನು ವಿವಾಹವಾದರು. ಈ ದಂಪತಿಗೆ ಸೆರ್ಗೇಯ್ ಮತ್ತು ವಿಕ್ತೋರ್ ಎಂಬ ಇಬ್ಬರು ಪುತ್ರರು. ವಿಕ್ತೋರ್ ಫ್ರೆಂಕೆಲ್ ಮುಂದೆ ಭೌತವಿಜ್ಞಾನದ ಇತಿಹಾಸಕಾರರಾಗಿ ಹೆಸರು ಮಾಡಿ, ತಂದೆಯ ಜೀವನಚರಿತ್ರೆಯನ್ನು ರಚಿಸಿದರು.

ಲೆನಿನ್‌ಗ್ರಾಡಿನಲ್ಲಿ

1921ರಲ್ಲಿ ಫ್ರೆಂಕೆಲ್ ಪೆಟ್ರೊಗ್ರಾಡಿಗೆ (ಮೊದಲಿನ ಸೇಂಟ್ ಪೀಟರ್ಸ್‌ಬರ್ಗ್, 1924ರಿಂದ ಲೆನಿನ್‌ಗ್ರಾಡ್) ಮರಳಿ, ಯೊಫೆ ಸ್ಥಾಪಿಸಿದ್ದ ಭೌತ-ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಕೊನೆಯವರೆಗೂ ಅದೇ ಅವರ ಕಾರ್ಯಕ್ಷೇತ್ರವಾಯಿತು. ಜೊತೆಗೆ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನವನ್ನು ಹಲವು ವರ್ಷ ಬೋಧಿಸಿದರು. ಯುದ್ಧ ಮತ್ತು ಕ್ಷಾಮಗಳಿಂದ ಜರ್ಜರಿತವಾಗಿದ್ದ ದೇಶದಲ್ಲಿ ಹೊಸ ಭೌತವಿಜ್ಞಾನವನ್ನು ಕಲಿಯಲು ಪಠ್ಯಪುಸ್ತಕಗಳೇ ಇರಲಿಲ್ಲ. ಆ ಕೊರತೆಯನ್ನು ತುಂಬುವ ಹೊಣೆಯನ್ನು ಫ್ರೆಂಕೆಲ್ ತಾವೇ ಹೊತ್ತರು. 1922ರಿಂದ ಮೊದಲ್ಗೊಂಡು ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಅವರ ಗ್ರಂಥಗಳು ಹೊರಬಂದವು. 1923ರಲ್ಲಿ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ರಷ್ಯನ್ ಭಾಷೆಯಲ್ಲಿ ಗ್ರಂಥ ಬರೆದರು. ಸೋವಿಯತ್ ದೇಶದಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಸಮಗ್ರ ಪಠ್ಯಕ್ರಮವನ್ನು ಮೊದಲು ರಚಿಸಿದವರೂ ಇವರೇ. 1929ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯು ಇವರನ್ನು ಕರೆಸ್ಪಾಂಡಿಂಗ್ ಸದಸ್ಯರನ್ನಾಗಿ ಆಯ್ಕೆ ಮಾಡಿತು.

ಯುರೋಪ್ ಪ್ರವಾಸ ಮತ್ತು 1926ರ ಸಂಶೋಧನೆಗಳು

ಡಚ್ ಭೌತವಿಜ್ಞಾನದಲ್ಲಿ ಹೆಸರಾಗಿದ್ದ ಪಾಲ್ ಎಹ್ರೆನ್‌ಫೆಸ್ಟ್ ಅವರ ಪ್ರೋತ್ಸಾಹದಿಂದ ಫ್ರೆಂಕೆಲ್ 1925–26ರಲ್ಲಿ ಯುರೋಪಿಗೆ ತೆರಳಿದರು. ಹ್ಯಾಂಬರ್ಗ್ ಮತ್ತು ಗಟಿಂಗೆನ್ ನಗರಗಳಲ್ಲಿ ಹೆಚ್ಚು ಕಾಲ ಕಳೆದು, ಬರ್ಲಿನ್ನಿನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು ಭೇಟಿಯಾದರು. ಹೈಸನ್‌ಬರ್ಗ್ ಮತ್ತು ಶ್ರೋಡಿಂಗರ್ ಅವರ ಲೇಖನಗಳು ಒಂದರ ಹಿಂದೊಂದರಂತೆ ಬಂದು, ಕ್ವಾಂಟಮ್ ಮೆಕ್ಯಾನಿಕ್ಸ್ ರೂಪುಗೊಳ್ಳುತ್ತಿದ್ದ ಕಾಲವದು. ಆ ಚರ್ಚೆಗಳ ನಡುವೆಯೇ ಇದ್ದ ಫ್ರೆಂಕೆಲ್ ಎಲೆಕ್ಟ್ರಾನಿನ ಸ್ವಂತ ಭ್ರಮಣವನ್ನು ಸಾಪೇಕ್ಷತಾ ಸಿದ್ಧಾಂತಕ್ಕೆ ಹೊಂದುವಂತೆ ವಿವರಿಸುವ ಲೇಖನವನ್ನು 1926ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಅವರು ಘನವಸ್ತುಗಳ ಬಗೆಗೂ ಮಹತ್ವದ ಲೇಖನ ಬರೆದರು. ಸ್ಫಟಿಕದಲ್ಲಿ ಪರಮಾಣುಗಳು ಜಾಲಕದ ನಿಗದಿತ ಸ್ಥಾನಗಳಲ್ಲಿ ಅಚ್ಚುಕಟ್ಟಾಗಿ ಕುಳಿತಿರುತ್ತವೆ ಎಂಬುದು ಆಗಿನ ಸಾಮಾನ್ಯ ಕಲ್ಪನೆ. ಉಷ್ಣದ ತೊನೆದಾಟದಿಂದ ಕೆಲವು ಪರಮಾಣುಗಳು ತಮ್ಮ ಸ್ಥಾನ ಬಿಟ್ಟು ನಡುವಿನ ಸಂದುಗಳಿಗೆ ಜಾರಬಲ್ಲವು, ಆಗ ಅವುಗಳ ಮೂಲಸ್ಥಾನ ಖಾಲಿ ಉಳಿಯುತ್ತದೆ ಎಂದು ಫ್ರೆಂಕೆಲ್ ತೋರಿಸಿದರು. ಸಂದಿಗೆ ಸೇರಿದ ಪರಮಾಣು ಮತ್ತು ಅದು ಬಿಟ್ಟುಹೋದ ಖಾಲಿ ಸ್ಥಾನ – ಈ ಜೋಡಿಯೇ ‘ಫ್ರೆಂಕೆಲ್ ದೋಷ’.

ಖಾಲಿ ಸ್ಥಾನವೂ ಚಲಿಸುತ್ತದೆ ಎಂಬುದು ಈ ವಿವರಣೆಯ ಮುಖ್ಯ ಅಂಶ. ತರಗತಿಯ ಬೆಂಚಿನ ತುದಿಯಲ್ಲಿ ಒಂದು ಜಾಗ ತೆರವಾಗಿದೆ ಎನ್ನೋಣ. ಪಕ್ಕದ ವಿದ್ಯಾರ್ಥಿ ಅಲ್ಲಿಗೆ ಸರಿದರೆ ಅವನ ಜಾಗ ತೆರವಾಗುತ್ತದೆ. ಅವನ ಪಕ್ಕದವನು ಸರಿದರೆ ತೆರವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಪ್ರತಿಯೊಬ್ಬನೂ ಒಂದೊಂದೇ ಜಾಗ ಸರಿದಿದ್ದರೂ ತೆರವು ಬೆಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡಿರುತ್ತದೆ. ಇಲ್ಲದಿರುವಿಕೆಯನ್ನೇ ಒಂದು ಚಲಿಸುವ ವಸ್ತುವೆಂದು ಎಣಿಸುವ ಈ ದೃಷ್ಟಿ ಫ್ರೆಂಕೆಲ್ ಅವರ ಚಿಂತನೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಘನವಸ್ತುಗಳಲ್ಲಿ ಅಯಾನುಗಳು ವಿದ್ಯುತ್ತನ್ನು ಸಾಗಿಸುವ ಬಗೆ ಮತ್ತು ಛಾಯಾಚಿತ್ರದ ಫಿಲ್ಮಿನಲ್ಲಿರುವ ಸಿಲ್ವರ್ ಬ್ರೋಮೈಡ್ ಹರಳುಗಳಲ್ಲಿ ಬೆಳಕು ಬಿಂಬ ಮೂಡಿಸುವ ಬಗೆ ಈ ದೋಷಗಳ ಮೂಲಕ ಅರ್ಥವಾದವು.

ಎಕ್ಸಿಟಾನ್ ಪರಿಕಲ್ಪನೆ

1930–31ರಲ್ಲಿ ಫ್ರೆಂಕೆಲ್ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಘನವಸ್ತುಗಳಲ್ಲಿ ಬೆಳಕು ಶಾಖವಾಗಿ ಮಾರ್ಪಡುವ ಬಗೆಯನ್ನು ಕುರಿತ ಅವರ ಎರಡು ಲೇಖನಗಳು 1931ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾದವು. ಅವರ ಕೃತಿಗಳಲ್ಲಿ ಅತ್ಯಂತ ದೀರ್ಘಕಾಲ ಫಲ ಕೊಟ್ಟವು ಇವು ಎನ್ನಬಹುದು.

ಅವರ ಮುಂದಿದ್ದ ಪ್ರಶ್ನೆ ಸರಳವಾದದ್ದು. ವಿದ್ಯುತ್ ಅವಾಹಕವಾದ ಸ್ಫಟಿಕವೊಂದರ ಮೇಲೆ ಬೆಳಕು ಬಿದ್ದಾಗ ಅದು ಹೀರಲ್ಪಡುತ್ತದೆ. ಬೆಳಕು ಎಲೆಕ್ಟ್ರಾನನ್ನು ಪರಮಾಣುವಿನಿಂದ ಪೂರ್ತಿಯಾಗಿ ಬಿಡಿಸಿಬಿಟ್ಟರೆ ಸ್ಫಟಿಕದಲ್ಲಿ ವಿದ್ಯುತ್ ಹರಿಯಬೇಕು. ಆದರೆ ಅನೇಕ ಸಂದರ್ಭಗಳಲ್ಲಿ ಬೆಳಕು ಮಾಯವಾಗುತ್ತದೆ, ವಿದ್ಯುತ್ ಹರಿಯುವುದಿಲ್ಲ, ಸ್ಫಟಿಕ ಬಿಸಿಯಾಗುತ್ತದೆ. ಹಾಗಾದರೆ ಹೀರಿಕೊಂಡ ಕ್ಷಣಕ್ಕೂ ಬಿಸಿಯಾದ ಕ್ಷಣಕ್ಕೂ ನಡುವೆ ಆ ಶಕ್ತಿ ಯಾವ ರೂಪದಲ್ಲಿತ್ತು?

ಫ್ರೆಂಕೆಲ್ ಅವರ ಉತ್ತರ ಹೀಗಿದೆ: ಬೆಳಕು ಒಂದು ಪರಮಾಣುವನ್ನು ಉದ್ರೇಕಿಸುತ್ತದೆ. ಅದರ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆಯೇ ಹೊರತು ಪರಮಾಣುವನ್ನು ಬಿಟ್ಟು ಹೋಗುವುದಿಲ್ಲ. ಸ್ಫಟಿಕದಲ್ಲಿ ಎಲ್ಲ ಪರಮಾಣುಗಳೂ ಒಂದೇ ಬಗೆಯವು, ಪರಸ್ಪರ ಹತ್ತಿರದವು. ಹೀಗಾಗಿ ಉದ್ರೇಕವು ಒಂದೇ ಪರಮಾಣುವಿನಲ್ಲಿ ನೆಲೆನಿಲ್ಲಬೇಕಾದ ಕಾರಣವಿಲ್ಲ. ಅದು ನೆರೆಯ ಪರಮಾಣುವಿಗೆ, ಅಲ್ಲಿಂದ ಅದರ ನೆರೆಗೆ, ಅಲೆಯಂತೆ ದಾಟುತ್ತ ಹೋಗುತ್ತದೆ. ಬತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಅಲೆಯೊಂದು ಬದುವಿನಿಂದ ಬದುವಿಗೆ ಓಡುತ್ತದೆ. ಪೈರು ಮಾತ್ರ ಬೇರೂರಿದ ಕಡೆಯೇ ಇರುತ್ತದೆ. ಅಂತೆಯೇ ಇಲ್ಲಿ ಶಕ್ತಿ ಸಂಚರಿಸುತ್ತದೆ, ಆವೇಶ ಸಂಚರಿಸುವುದಿಲ್ಲ. ಕೊನೆಗೆ ಈ ಉದ್ರೇಕವು ಜಾಲಕದ ಕಂಪನಗಳಿಗೆ ತನ್ನ ಶಕ್ತಿಯನ್ನು ಬಿಟ್ಟುಕೊಟ್ಟಾಗ ಸ್ಫಟಿಕ ಬಿಸಿಯಾಗುತ್ತದೆ. ಕಣದಂತೆಯೇ ವರ್ತಿಸುವ ಈ ಉದ್ರೇಕಕ್ಕೆ ಫ್ರೆಂಕೆಲ್ ‘ಎಕ್ಸಿಟಾನ್’ ಎಂದು ಹೆಸರಿಟ್ಟರು.

ಎಕ್ಸಿಟಾನನ್ನು ಇನ್ನೊಂದು ರೀತಿಯಲ್ಲಿಯೂ ಹೇಳಬಹುದು. ಎಲೆಕ್ಟ್ರಾನ್ ಮೇಲೇರಿದಾಗ ಅದರ ಮೂಲಸ್ಥಾನದಲ್ಲಿ ‘ರಂಧ್ರ’ ಎಂಬ ಧನಾವೇಶದ ತೆರವು ಉಂಟಾಗುತ್ತದೆ. ಋಣಾವೇಶದ ಎಲೆಕ್ಟ್ರಾನ್ ಮತ್ತು ಧನಾವೇಶದ ರಂಧ್ರ ಪರಸ್ಪರ ಆಕರ್ಷಣೆಯಿಂದ ಬಿಗಿದುಕೊಂಡು ಜೋಡಿಯಾಗಿ ಸಂಚರಿಸುತ್ತವೆ. ಜೋಡಿಯ ಒಟ್ಟು ಆವೇಶ ಸೊನ್ನೆಯಾದ್ದರಿಂದ ವಿದ್ಯುತ್ ಹರಿಯುವುದಿಲ್ಲ. ಎಲೆಕ್ಟ್ರಾನ್ ಮತ್ತು ರಂಧ್ರ ಒಂದೇ ಪರಮಾಣು ಅಥವಾ ಅಣುವಿನಲ್ಲಿ ಒತ್ತಾಗಿರುವ ಜೋಡಿಯನ್ನು ಈಗ ‘ಫ್ರೆಂಕೆಲ್ ಎಕ್ಸಿಟಾನ್’ ಎನ್ನುತ್ತಾರೆ. ಅವು ಹಲವು ಪರಮಾಣುಗಳಷ್ಟು ದೂರವಿದ್ದು ಜಲಜನಕದ ಪರಮಾಣುವನ್ನು ಹೋಲುವ ಸಡಿಲ ಜೋಡಿಯನ್ನು ಗ್ರೆಗರಿ ವಾನಿಯರ್ 1937ರಲ್ಲಿ ವಿವರಿಸಿದರು. ನೆವಿಲ್ ಮಾಟ್ ಅವರ ಹೆಸರನ್ನೂ ಸೇರಿಸಿ ಅದನ್ನು ‘ವಾನಿಯರ್–ಮಾಟ್ ಎಕ್ಸಿಟಾನ್’ ಎಂದು ಕರೆಯುತ್ತಾರೆ.

ಎಕ್ಸಿಟಾನ್ ಎರಡು ದಶಕಗಳ ಕಾಲ ಕಾಗದದ ಮೇಲಿನ ಕಲ್ಪನೆಯಾಗಿಯೇ ಉಳಿದಿತ್ತು. 1951–52ರಲ್ಲಿ ಯೆವ್ಗೇನಿ ಗ್ರೋಸ್ ಮತ್ತು ಅವರ ಸಹೋದ್ಯೋಗಿ ನೂರಿ ಕರ್ರಿಯೇವ್, ಲೆನಿನ್‌ಗ್ರಾಡಿನಲ್ಲಿಯೇ, ತಾಮ್ರದ ಆಕ್ಸೈಡ್ ಸ್ಫಟಿಕದ ವರ್ಣಪಟಲದಲ್ಲಿ ಜಲಜನಕದ ಗೆರೆಗಳನ್ನು ಹೋಲುವ ಗೆರೆಗಳ ಸಾಲನ್ನು ಕಂಡರು. ಎಕ್ಸಿಟಾನ್ ಇದೆ ಎಂಬುದಕ್ಕೆ ದೊರೆತ ನೇರ ಪ್ರಾಯೋಗಿಕ ಸಾಕ್ಷ್ಯವಿದು. ಆ ಹೊತ್ತಿಗೆ ಫ್ರೆಂಕೆಲ್ ಅವರ ಆಯುಷ್ಯ ಮುಗಿಯುತ್ತ ಬಂದಿತ್ತು.

ಇತರ ಸಂಶೋಧನೆಗಳು

ಕಾಂತತ್ವ: ಕಬ್ಬಿಣದಂತಹ ಲೋಹಗಳು ಪ್ರಬಲ ಕಾಂತಗಳಾಗುವುದಕ್ಕೆ ಎಲೆಕ್ಟ್ರಾನುಗಳ ನಡುವಿನ ಕ್ವಾಂಟಮ್ ವಿನಿಮಯ ಬಲ ಕಾರಣವೆಂದು 1928ರಲ್ಲಿ ಹೈಸನ್‌ಬರ್ಗ್ ಅವರಂತೆಯೇ ಸ್ವತಂತ್ರವಾಗಿ ಸೂಚಿಸಿದರು. 1930ರಲ್ಲಿ ಯಾಕೊವ್ ದೊರ್ಫ್‌ಮನ್ ಅವರೊಂದಿಗೆ, ಕಾಂತವಸ್ತುವು ಸಣ್ಣ ಸಣ್ಣ ವಲಯಗಳಾಗಿ ಏಕೆ ಒಡೆದಿರುತ್ತದೆ ಎಂಬುದನ್ನು ವಿವರಿಸಿದರು.

ನಕ್ಷತ್ರಗಳು: 1928ರಲ್ಲಿಯೇ ಅತಿ ಸಾಂದ್ರವಾದ ಶ್ವೇತಕುಬ್ಜ ನಕ್ಷತ್ರಗಳ ಒಳಗಿನ ಎಲೆಕ್ಟ್ರಾನ್ ಅನಿಲಕ್ಕೆ ಸಾಪೇಕ್ಷತಾ ಸಿದ್ಧಾಂತವನ್ನು ಅನ್ವಯಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಭಾರತೀಯ ಸಂಜಾತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಈ ಬಗೆಯ ವಿಚಾರವನ್ನು ಸ್ವತಂತ್ರವಾಗಿ ಕೈಗೆತ್ತಿಕೊಂಡು, ಅಂತಹ ನಕ್ಷತ್ರಗಳ ದ್ರವ್ಯರಾಶಿಗೆ ಇರುವ ಮಿತಿಯನ್ನು ಸ್ಥಾಪಿಸಿದರು.

ಸ್ಫಟಿಕಗಳ ಬಲ: ಪರಿಪೂರ್ಣ ಸ್ಫಟಿಕವೊಂದರ ಪದರವನ್ನು ಇನ್ನೊಂದರ ಮೇಲೆ ಜಾರಿಸಲು ಎಷ್ಟು ಬಲ ಬೇಕೆಂದು 1926ರಲ್ಲಿ ಲೆಕ್ಕ ಹಾಕಿದರು. ನಿಜವಾದ ಲೋಹಗಳು ಇದಕ್ಕಿಂತ ಎಷ್ಟೋ ಪಟ್ಟು ಕಡಿಮೆ ಬಲಕ್ಕೆ ಬಾಗುತ್ತವೆ. ಈ ಅಂತರವೇ ಸ್ಫಟಿಕಗಳಲ್ಲಿ ‘ಸ್ಥಾನಪಲ್ಲಟ’ಗಳೆಂಬ ರೇಖಾದೋಷಗಳು ಇರಬೇಕೆಂಬ ವಿಚಾರಕ್ಕೆ ಇತರರನ್ನು ಒಯ್ದಿತು. 1938ರಲ್ಲಿ ತಮ್ಮ ವಿದ್ಯಾರ್ಥಿನಿ ತತ್ಯಾನಾ ಕೊಂತೊರೊವಾ ಅವರೊಂದಿಗೆ ಅಂತಹ ದೋಷ ಚಲಿಸುವ ಸರಳ ಮಾದರಿಯೊಂದನ್ನು ಫ್ರೆಂಕೆಲ್ ರಚಿಸಿದರು. ಸ್ಪ್ರಿಂಗ್‌ಗಳಿಂದ ಬಿಗಿದ ಪರಮಾಣುಗಳ ಸರಪಳಿಯೊಂದು ಏರುತಗ್ಗಿನ ನೆಲದ ಮೇಲೆ ಬಿದ್ದಿರುವಂತಹ ಈ ಮಾದರಿ ಘರ್ಷಣೆಯ ಅಧ್ಯಯನದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅವಾಹಕಗಳಲ್ಲಿ ವಿದ್ಯುತ್: ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಅವಾಹಕಗಳೂ ಸ್ವಲ್ಪಮಟ್ಟಿಗೆ ವಿದ್ಯುತ್ತನ್ನು ಹರಿಯಗೊಡುವುದರ ಕಾರಣವನ್ನು 1938ರಲ್ಲಿ ತಿಳಿಸಿದರು. ಇದೇ ಪೂಲ್–ಫ್ರೆಂಕೆಲ್ ಪರಿಣಾಮ.

ಪರಮಾಣು ನ್ಯೂಕ್ಲಿಯಸ್: ಭಾರವಾದ ನ್ಯೂಕ್ಲಿಯಸ್ಸನ್ನು ದ್ರವದ ಹನಿಗೆ ಹೋಲಿಸಿ, ಅದರಿಂದ ಕಣಗಳು ಹೊರಬೀಳುವುದನ್ನು ಬಿಸಿಯಾದ ಹನಿಯ ಆವಿಯಾಗುವಿಕೆಯಂತೆ 1936ರಲ್ಲಿ ವಿವರಿಸಿದರು. 1939ರಲ್ಲಿ ಯುರೇನಿಯಂ ವಿದಳನದ ಸಿದ್ಧಾಂತವನ್ನು, ನೀಲ್ಸ್ ಬೋರ್ ಮತ್ತು ಜಾನ್ ವೀಲರ್ ಅವರಿಂದ ಸ್ವತಂತ್ರವಾಗಿ, ಇದೇ ಹೋಲಿಕೆಯ ಆಧಾರದಲ್ಲಿ ಕಟ್ಟಿದರು.

ದ್ರವಗಳು: ದ್ರವವನ್ನು ದಟ್ಟವಾದ ಅನಿಲವೆಂದು ಕಾಣುವ ರೂಢಿಯನ್ನು ಫ್ರೆಂಕೆಲ್ ಒಪ್ಪಲಿಲ್ಲ. ಕರಗುವ ಬಿಂದುವಿನ ಸಮೀಪದಲ್ಲಿ ದ್ರವವು ಘನವಸ್ತುವನ್ನೇ ಹೆಚ್ಚು ಹೋಲುತ್ತದೆ. ಅದರ ಅಣು ಒಂದೆಡೆ ಕೆಲಕಾಲ ಕಂಪಿಸುತ್ತಿದ್ದು ಆಮೇಲೆ ಪಕ್ಕದ ಜಾಗಕ್ಕೆ ಜಿಗಿಯುತ್ತದೆ ಎಂಬುದು ಅವರ ನಿಲುವು. ಈ ಜಿಗಿತಗಳ ನಡುವಣ ಕಾಲಾವಧಿಯಿಂದ ದ್ರವದ ಸ್ನಿಗ್ಧತೆಯನ್ನು ವಿವರಿಸಿದರು.

ರಾಜಕೀಯ ತತ್ತ್ವದೊಡನೆ ಸಂಘರ್ಷ

1920ರ ದಶಕದ ಕೊನೆಯಿಂದ ಸೋವಿಯತ್ ದೇಶದಲ್ಲಿ ವಿಜ್ಞಾನಗಳೆಲ್ಲವೂ ದ್ವಂದ್ವಾತ್ಮಕ ಭೌತವಾದಕ್ಕೆ ಅನುಗುಣವಾಗಿರಬೇಕೆಂಬ ಒತ್ತಡ ಹೆಚ್ಚುತ್ತ ಹೋಯಿತು. ಸಾಪೇಕ್ಷತಾ ಸಿದ್ಧಾಂತ ಮತ್ತು ಕ್ವಾಂಟಮ್ ಮೆಕ್ಯಾನಿಕ್ಸ್ ಭಾವನಾವಾದದ ಸೋಂಕು ತಗಲಿದ ಬೂರ್ಜ್ವಾ ವಿಚಾರಗಳೆಂದು ಕೆಲವರು ಸಾರತೊಡಗಿದರು. ವಿದ್ಯುತ್ ತಂತ್ರಜ್ಞ ವ್ಲಾದಿಮಿರ್ ಮಿತ್ಕೇವಿಚ್ ಅವರು ಈಥರ್ ಎಂಬ ಮಾಧ್ಯಮವಿಲ್ಲದೆ ವಿದ್ಯುತ್ ಬಲಗಳನ್ನು ಯೋಚಿಸುವುದೇ ತಪ್ಪೆಂದು ವಾದಿಸಿದಾಗ, ಫ್ರೆಂಕೆಲ್ ಸಾರ್ವಜನಿಕ ಚರ್ಚೆಗಳಲ್ಲಿ ಅವರನ್ನು ಎದುರಿಸಿದರು.

1931ರಲ್ಲಿ ವಿಜ್ಞಾನಿಗಳ ಸಮ್ಮೇಳನವೊಂದರ ಸಂದರ್ಭದಲ್ಲಿ, ವಿಜ್ಞಾನಕ್ಕೆ ದಾರಿ ತೋರುವ ಹಕ್ಕು ದ್ವಂದ್ವಾತ್ಮಕ ಭೌತವಾದಕ್ಕೆ ಇಲ್ಲವೆಂದು ಅವರು ತಮ್ಮ ನಿಲುವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ತಾವು ಸೋವಿಯತ್ ವ್ಯವಸ್ಥೆಯ ವಿರೋಧಿಯಲ್ಲ, ಆದರೆ ಒಂದು ಸಮೀಕರಣ ಸರಿಯೋ ತಪ್ಪೋ ಎಂಬುದನ್ನು ಪ್ರಯೋಗ ನಿರ್ಧರಿಸಬೇಕೇ ಹೊರತು ತತ್ತ್ವಗ್ರಂಥವಲ್ಲ ಎಂಬುದು ಅವರ ವಾದದ ಸಾರ. ಹೀಗೆ ಬಹಿರಂಗವಾಗಿ ಮಾತನಾಡುವುದು ಆ ದಿನಗಳಲ್ಲಿ ಅಪಾಯಕಾರಿಯಾಗಿತ್ತು. ಅವರ ವಿಭಾಗದ ಪ್ರತಿಭಾವಂತ ಯುವ ವಿಜ್ಞಾನಿ ಮತ್ವೇಯ್ ಬ್ರೋನ್‌ಸ್ಟೈನ್ 1937ರಲ್ಲಿ ಬಂಧಿತರಾಗಿ 1938ರ ಫೆಬ್ರವರಿಯಲ್ಲಿ ಮರಣದಂಡನೆಗೆ ಗುರಿಯಾದರು. ಆಗ ಅವರ ವಯಸ್ಸು 31. ಫ್ರೆಂಕೆಲ್ ಬಂಧನಕ್ಕೊಳಗಾಗಲಿಲ್ಲ, ಆದರೆ ಪರಿಣಾಮಕ್ಕೆ ಹೆದರಿ ಕೆಲವು ಬರಹಗಳನ್ನು ಪ್ರಕಟಿಸದೆ ಬಿಡಬೇಕಾಯಿತು.

ಎರಡನೆಯ ಮಹಾಯುದ್ಧದ ನಂತರ ಒತ್ತಡ ಮತ್ತೆ ಬಂತು. 1948ರ ಆಗಸ್ಟ್‌ನಲ್ಲಿ ಲಿಸೆಂಕೊ ಬೆಂಬಲಿಗರು ತಳಿವಿಜ್ಞಾನವನ್ನು ನಿಷೇಧಕ್ಕೊಳಪಡಿಸಿದ ಬೆನ್ನಲ್ಲೇ ಭೌತವಿಜ್ಞಾನದಲ್ಲಿಯೂ ಅಂತಹುದೇ ಶುದ್ಧೀಕರಣ ನಡೆಸಲು 1949ರಲ್ಲಿ ಸಮ್ಮೇಳನವೊಂದನ್ನು ಯೋಜಿಸಲಾಯಿತು. ವಿದೇಶಿ ವಿಜ್ಞಾನವನ್ನು ಆರಾಧಿಸುವವರೆಂಬ ಆರೋಪ ಹೊತ್ತವರಲ್ಲಿ ಫ್ರೆಂಕೆಲ್ ಪ್ರಮುಖರು. ಕೊನೆಗೆ ಆ ಸಮ್ಮೇಳನ ರದ್ದಾಯಿತು. ಆದರೂ ಅವರ ಪುಸ್ತಕಗಳ ಮೇಲಿನ ಟೀಕೆಗಳು ನಿಲ್ಲಲಿಲ್ಲ. ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ ಅವರಿಗೆ ಕೊನೆಗೂ ಸಿಗಲಿಲ್ಲ. ಸೋವಿಯತ್ ಜೀವವಿಜ್ಞಾನ ಕಂಡ ಅಧೋಗತಿಯನ್ನು ಭೌತವಿಜ್ಞಾನ ಕಾಣದೆ ಉಳಿಯುವಲ್ಲಿ ಯೊಫೆ, ಫ್ರೆಂಕೆಲ್ ಮೊದಲಾದವರ ಈ ಪ್ರತಿರೋಧದ ಪಾಲೂ ಇದೆ.

ಯುದ್ಧಕಾಲ ಮತ್ತು ಕೊನೆಯ ವರ್ಷಗಳು

1941ರಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಸಮೀಪಿಸಿದಾಗ ಭೌತ-ತಾಂತ್ರಿಕ ಸಂಸ್ಥೆಯನ್ನು ಕಜಾನ್ ನಗರಕ್ಕೆ ಸ್ಥಳಾಂತರಿಸಲಾಯಿತು. ಇಕ್ಕಟ್ಟು ಮತ್ತು ಕೊರತೆಗಳ ನಡುವೆ ಅಲ್ಲಿಯೇ ಫ್ರೆಂಕೆಲ್ ದ್ರವಗಳ ಬಗೆಗಿನ ಎರಡು ದಶಕಗಳ ಚಿಂತನೆಯನ್ನು ಒಂದುಗೂಡಿಸಿ ‘ದ್ರವಗಳ ಚಲನ ಸಿದ್ಧಾಂತ’ ಎಂಬ ಗ್ರಂಥವನ್ನು ಸಿದ್ಧಪಡಿಸಿದರು. ಇದಕ್ಕಾಗಿ 1947ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಪ್ರಶಸ್ತಿ ಕೊಟ್ಟ ವ್ಯವಸ್ಥೆಯೇ ಎರಡು ವರ್ಷಗಳೊಳಗೆ ಅವರನ್ನು ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿತು.

1944ರಲ್ಲಿ ತೇವಭರಿತ ಮಣ್ಣಿನಲ್ಲಿ ಭೂಕಂಪನದ ಅಲೆಗಳು ಸಾಗುವ ಬಗೆಯನ್ನೂ ಅವುಗಳ ಜೊತೆಗೆ ಹುಟ್ಟುವ ವಿದ್ಯುತ್ ಪರಿಣಾಮಗಳನ್ನೂ ಕುರಿತು ಬರೆದರು. 1949ರಲ್ಲಿ ವಾಯುಮಂಡಲದ ವಿದ್ಯುತ್ ವಿದ್ಯಮಾನಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ಶಾಲಾ ಬಾಲಕನಾಗಿದ್ದಾಗ ಎತ್ತಿಕೊಂಡ ವಿಷಯಕ್ಕೆ ಅವರು ಹೀಗೆ ಮರಳಿದ್ದರು. ಫ್ರೆಂಕೆಲ್ 1952ರ ಜನವರಿ 23ರಂದು ಲೆನಿನ್‌ಗ್ರಾಡಿನಲ್ಲಿ ತಮ್ಮ 57ನೆಯ ವಯಸ್ಸಿನಲ್ಲಿ ನಿಧನರಾದರು.

ಚಿಂತನಾ ಶೈಲಿ

ಫ್ರೆಂಕೆಲ್ ಕಣ್ಣಿಗೆ ಕಟ್ಟುವ ಚಿತ್ರಗಳ ಮೂಲಕ ಯೋಚಿಸುತ್ತಿದ್ದರು. ಮೊದಲು ವಿದ್ಯಮಾನದ ಸರಳ ಚಿತ್ರ, ಆಮೇಲೆ ಅದಕ್ಕೆ ಬೇಕಾದಷ್ಟೇ ಗಣಿತ – ಇದು ಅವರ ಕ್ರಮ. ಗಣಿತದ ಕಟ್ಟುನಿಟ್ಟನ್ನು ಬಯಸುವ ಸಮಕಾಲೀನರಿಗೆ ಈ ಬರಹಗಳು ಅಪೂರ್ಣವೆನಿಸಿದ್ದೂ ಉಂಟು. ಒಂದು ವಿಚಾರವನ್ನು ಕೊನೆಮುಟ್ಟಿಸುವ ಮೊದಲೇ ಅವರು ಇನ್ನೊಂದಕ್ಕೆ ಹೋಗುತ್ತಿದ್ದರು. ವಿವರಗಳನ್ನು ತುಂಬುವ ಕೆಲಸ ಇತರರಿಗೆ ಉಳಿಯುತ್ತಿತ್ತು. ವಾನಿಯರ್ ಎಕ್ಸಿಟಾನನ್ನೂ ಬೋರ್–ವೀಲರ್ ವಿದಳನವನ್ನೂ ಹೆಚ್ಚು ಪೂರ್ಣವಾಗಿ ಬೆಳೆಸಿದರೆಂಬುದು ನಿಜ. ಆದರೆ ಚಿತ್ರವನ್ನು ಮೊದಲು ಕಂಡವರು ಯಾರು ಎಂಬ ಪ್ರಶ್ನೆ ಬಂದಾಗ ಫ್ರೆಂಕೆಲ್ ಅವರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ.

ಆಧುನಿಕ ಸಂಶೋಧನೆಯಲ್ಲಿ ಎಕ್ಸಿಟಾನ್

ಸಸ್ಯಗಳ ಎಲೆಯಲ್ಲಿ ಹರಿತ್ತು ಹೀರಿದ ಬೆಳಕಿನ ಶಕ್ತಿ ರಾಸಾಯನಿಕ ಕ್ರಿಯೆ ನಡೆಯುವ ಕೇಂದ್ರವನ್ನು ತಲುಪುವುದು ಅಣುವಿನಿಂದ ಅಣುವಿಗೆ ದಾಟುವ ಇಂತಹ ಉದ್ರೇಕಗಳ ಮೂಲಕವೇ. ಮೊಬೈಲ್ ಪರದೆಗಳ ಓಎಲ್‌ಇಡಿ ದೀಪಗಳಲ್ಲಿಯೂ ಸಾವಯವ ಸೌರಕೋಶಗಳಲ್ಲಿಯೂ ಫ್ರೆಂಕೆಲ್ ಎಕ್ಸಿಟಾನುಗಳ ಪಾತ್ರ ಮುಖ್ಯ.

ಇತ್ತೀಚೆಗೆ ಎಕ್ಸಿಟಾನ್ ಹೊಸ ಕುತೂಹಲ ಹುಟ್ಟಿಸಿರುವುದು ಎರಡು ಆಯಾಮಗಳ ಅರೆವಾಹಕಗಳಲ್ಲಿ. 2004ರಲ್ಲಿ ಗ್ರಾಫೀನನ್ನು ಬೇರ್ಪಡಿಸಿದ ಮೇಲೆ, ಮಾಲಿಬ್ಡಿನಂ ಡೈಸಲ್ಫೈಡ್, ಟಂಗ್‌ಸ್ಟನ್ ಡೈಸೆಲಿನೈಡ್ ಮೊದಲಾದ ವಸ್ತುಗಳ ಏಕಪದರಗಳ ಅಧ್ಯಯನ ಚುರುಕಾಯಿತು. ಮಾಲಿಬ್ಡಿನಂ ಪರಮಾಣುಗಳ ಒಂದು ಹಾಳೆ, ಅದರ ಮೇಲೆ ಕೆಳಗೆ ಗಂಧಕದ ಪರಮಾಣುಗಳು – ಇಷ್ಟೇ ಆ ಪದರ. ದಪ್ಪ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ದಪ್ಪ ತುಂಡಾಗಿದ್ದಾಗ ಹೆಚ್ಚು ಬೆಳಗದ ಈ ವಸ್ತು ಒಂದೇ ಪದರವಾದಾಗ ಚೆನ್ನಾಗಿ ಬೆಳಕು ಸೂಸುತ್ತದೆ ಎಂದು 2010ರಲ್ಲಿ ತಿಳಿದುಬಂತು.

ಆ ಬೆಳಕು ಬರುವುದು ಎಕ್ಸಿಟಾನುಗಳಿಂದ. ದಪ್ಪ ಸ್ಫಟಿಕದ ಒಳಗೆ ಎಲೆಕ್ಟ್ರಾನ್ ಮತ್ತು ರಂಧ್ರಗಳ ನಡುವಿನ ಆಕರ್ಷಣೆಯನ್ನು ಸುತ್ತಲಿನ ಪರಮಾಣುಗಳು ಕುಗ್ಗಿಸುತ್ತವೆ. ಏಕಪದರದ ಮೇಲೂ ಕೆಳಗೂ ಅಂತಹ ಪರಮಾಣುಗಳು ಇಲ್ಲದಿರುವುದರಿಂದ ಆಕರ್ಷಣೆ ಪ್ರಬಲವಾಗಿ ಉಳಿಯುತ್ತದೆ. ಸಿಲಿಕಾನಿನಲ್ಲಿ ಜೋಡಿಯನ್ನು ಬಿಡಿಸಲು ಸುಮಾರು 15 ಮಿಲಿ ಎಲೆಕ್ಟ್ರಾನ್ ವೋಲ್ಟ್ ಸಾಕು; ಈ ಏಕಪದರಗಳಲ್ಲಿ ಕೆಲವು ನೂರು ಬೇಕು. ಕೋಣೆಯ ಉಷ್ಣತೆಯ ಶಕ್ತಿ ಸುಮಾರು 25 ಮಾತ್ರ. ಆದ್ದರಿಂದ ಸಾಮಾನ್ಯ ಉಷ್ಣತೆಯಲ್ಲಿಯೂ ಇಲ್ಲಿನ ಎಕ್ಸಿಟಾನ್ ಒಡೆಯುವುದಿಲ್ಲ. ರಚನೆಯಲ್ಲಿ ಇದು ವಾನಿಯರ್ ಬಗೆಯದಾದರೂ ಬಿಗಿತದಲ್ಲಿ ಫ್ರೆಂಕೆಲ್ ಬಗೆಗೆ ಹತ್ತಿರದ್ದು.

ಇಲ್ಲಿ ಇನ್ನೊಂದು ವಿಶೇಷವಿದೆ. ಎಲೆಕ್ಟ್ರಾನಿನ ಶಕ್ತಿಯನ್ನು ಅದರ ಸಂವೇಗಕ್ಕೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿದರೆ ಕಡಿಮೆ ಶಕ್ತಿಯ ತಗ್ಗುಗಳು ಕಾಣುತ್ತವೆ, ಅವೇ ‘ಕಣಿವೆ’ಗಳು. ಈ ಏಕಪದರಗಳಲ್ಲಿ ಸಮಾನ ಶಕ್ತಿಯ, ಆದರೆ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ಬಗೆಯ ಕಣಿವೆಗಳಿವೆ. ಬಲಕ್ಕೆ ಸುತ್ತುವ ವೃತ್ತೀಯ ಧ್ರುವೀಕೃತ ಬೆಳಕು ಒಂದು ಕಣಿವೆಯಲ್ಲಿ, ಎಡಕ್ಕೆ ಸುತ್ತುವ ಬೆಳಕು ಇನ್ನೊಂದರಲ್ಲಿ ಎಕ್ಸಿಟಾನುಗಳನ್ನು ಹುಟ್ಟಿಸುತ್ತದೆ. ಒಂದು ಕಣಿವೆಯನ್ನೇ ಹೆಚ್ಚಾಗಿ ತುಂಬುವ ಈ ಕ್ರಿಯೆಗೆ ‘ಕಣಿವೆ ಧ್ರುವೀಕರಣ’ ಎಂದು ಹೆಸರು. ಹೊರಬರುವ ಬೆಳಕಿನ ಧ್ರುವೀಕರಣವನ್ನು ಅಳೆದು ಇದನ್ನು 2012ರಲ್ಲಿ ಹಾಂಗ್‌ಕಾಂಗ್, ನ್ಯೂಯಾರ್ಕ್ ಮತ್ತು ಬೀಜಿಂಗ್‌ನ ಸಂಶೋಧಕರು ತೋರಿಸಿದರು. ಎರಡು ಕಣಿವೆಗಳನ್ನು ಸೊನ್ನೆ ಮತ್ತು ಒಂದು ಎಂಬ ಅಂಕಿಗಳಂತೆ ಬಳಸಿ ಮಾಹಿತಿಯನ್ನು ಕಾಪಿಡಬಹುದೇ ಎಂಬುದು ಈಗಿನ ಪ್ರಶ್ನೆ. ಎಲೆಕ್ಟ್ರಾನ್ ಮತ್ತು ರಂಧ್ರಗಳ ನಡುವಿನ ವಿನಿಮಯ ಬಲವು ಎಕ್ಸಿಟಾನನ್ನು ಅತ್ಯಲ್ಪ ಕಾಲದಲ್ಲಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಿಸಿಬಿಡುವುದು ಇದಕ್ಕಿರುವ ದೊಡ್ಡ ಅಡ್ಡಿ.

ಪ್ರಮುಖ ಗ್ರಂಥಗಳು

ಸಾಪೇಕ್ಷತಾ ಸಿದ್ಧಾಂತ (ರಷ್ಯನ್, 1923)
ವಿದ್ಯುತ್‌ಚಲನಶಾಸ್ತ್ರದ ಪಠ್ಯಪುಸ್ತಕ (ಜರ್ಮನ್, ಎರಡು ಸಂಪುಟಗಳು, 1926–28)
ತರಂಗ ಮೆಕ್ಯಾನಿಕ್ಸ್ (ಇಂಗ್ಲಿಷ್, ಎರಡು ಸಂಪುಟಗಳು, 1932 ಮತ್ತು 1934)
ದ್ರವಗಳ ಚಲನ ಸಿದ್ಧಾಂತ (ರಷ್ಯನ್, ಇಂಗ್ಲಿಷ್ ಅನುವಾದ 1946)
ಲೋಹಗಳ ಸಿದ್ಧಾಂತಕ್ಕೆ ಪ್ರವೇಶಿಕೆ (ರಷ್ಯನ್, 1948)
ವಾಯುಮಂಡಲದ ವಿದ್ಯುತ್ ವಿದ್ಯಮಾನಗಳ ಸಿದ್ಧಾಂತ (ರಷ್ಯನ್, 1949)